ಹಿತ್ತಲಿಗೆ ಯಾವ ಕ್ಯಾಮೆರಾ, ಯಾವ ಕಾಳು, ಎಷ್ಟು ನೀರು?

ಹಿತ್ತಲಿಗೆ ಬರುವ ಪ್ರಾಣಿ ಪಕ್ಷಿಗಳನ್ನು ನೋಡಲು ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳುವವರಿಗೆ ನಾನು ತಿರುಗಿ ಹಾಕುವ ಮೊದಲ ಪ್ರಶ್ನೆ: ಹಿತ್ತಲಿನ ಗೋಡೆಯಲ್ಲಿ ಪ್ಲಗ್ ಇದೆಯೇ? ಯಾವ ಕಂಪನಿ, ಎಷ್ಟು ಮೆಗಾಪಿಕ್ಸೆಲ್ ಎಂಬ ಮಾತು ಎಷ್ಟೋ ಆಮೇಲಿನದು. ಈ ವರ್ಷ ಮೂವರು ಕೇಳಿದರು. ಒಬ್ಬರು ಬೆಳಗಾವಿಯ ಟಿಳಕವಾಡಿಯಲ್ಲಿ ಎರಡನೆಯ ಮಹಡಿಯ ಮನೆಯಲ್ಲಿರುವ ಗೆಳೆಯ, ಇನ್ನೊಬ್ಬರು ಬಾಗಲಕೋಟೆಯ ನವನಗರದಲ್ಲಿ ಮನೆಯ ಹಿಂದೆ ಹತ್ತಡಿ ಜಾಗ ಇಟ್ಟುಕೊಂಡಿರುವ ಅತ್ತಿಗೆ, ಮತ್ತೊಬ್ಬರು ಇಂಡಿಯಲ್ಲಿ ನಿಂಬೆ ತೋಟವಿರುವ ಕಾಕಾ. ಮೂವರಿಗೂ ಮೂರು ಬೇರೆ ಉತ್ತರ ಕೊಟ್ಟೆ.

ನಾನು ಮಾತ್ರ ಯಾರನ್ನೂ ಕೇಳದೆ ಕೊಂಡವನು. ವಿಜಯಪುರದ ಅಂಚಿನಲ್ಲಿ ನಮ್ಮ ಮನೆ. ಹಿತ್ತಲಿನಲ್ಲಿ ಎರಡು ಪಪ್ಪಾಯಿ, ಒಂದು ನುಗ್ಗೆ, ಒಂದು ಬೇವು. ರಾತ್ರಿ ಹಣ್ಣು ತಿಂದು ಹೋಗುವವರು ಯಾರು ಎಂದು ತಿಳಿಯಲು ಆನ್‌ಲೈನಿನಲ್ಲಿ ಒಂದು ಕ್ಯಾಮೆರಾ ತರಿಸಿದೆ. ಡಬ್ಬಿಯ ಮೇಲೆ 48 ಮೆಗಾಪಿಕ್ಸೆಲ್ ಎಂದು ದಪ್ಪಕ್ಷರದಲ್ಲಿತ್ತು. ಮೊದಲ ವಾರ ಮೂರು ಸಾವಿರ ಚಿತ್ರಗಳು ಬಂದವು, ಬಹುಪಾಲು ಗಾಳಿಗೆ ಅಲುಗಾಡುವ ಪಪ್ಪಾಯಿ ಎಲೆಯವು. ಆಗ ಸಮಾಧಾನಕ್ಕೆ ಸಿಕ್ಕಿದ್ದು ಹುಲಿ ಗಣತಿಯ ಲೆಕ್ಕ. 2018ರ ಗಣತಿಯಲ್ಲಿ ದೇಶದ 26,838 ಸ್ಥಳಗಳಲ್ಲಿ ಕ್ಯಾಮೆರಾ ಇಟ್ಟಾಗ ದೊರೆತ ಚಿತ್ರಗಳು ಸುಮಾರು 3.48 ಕೋಟಿ, ಅವುಗಳಲ್ಲಿ ಹುಲಿಯವು 76,651. ಅಂದರೆ ಸಾವಿರ ಚಿತ್ರಕ್ಕೆ ಎರಡು ಹುಲಿ. ಮೂರು ಸಾವಿರದಲ್ಲಿ ನನಗೆ ಒಂದು ಪುನುಗು ಬೆಕ್ಕಿನ ಬಾಲ ಸಿಕ್ಕಿತ್ತು. ಕಳ್ಳ ಯಾರೆಂದು ತಿಳಿಯಲು ಬಾಲವೂ ಸಾಕಾಯಿತು, ಆದರೆ ಕೊಟ್ಟ ಹಣಕ್ಕೆ ಸಾಲದು.

ಅಳೆಯುವ ಕೋಲು

ಅಂಗಡಿಗೆ ಹೋಗುವ ಮೊದಲು ನಾಲ್ಕು ಸಂಗತಿಗಳನ್ನು ಮನೆಯಲ್ಲಿಯೇ ತೀರ್ಮಾನಿಸಿಕೊಳ್ಳಿ. ನೀವು ನೋಡಬೇಕಾದದ್ದು ಹಗಲಿನ ಗುಬ್ಬಿ, ಪಿಕಳಾರ, ಅಳಿಲುಗಳನ್ನೋ, ರಾತ್ರಿಯ ಪುನುಗು ಬೆಕ್ಕು, ಮುಳ್ಳುಹಂದಿಗಳನ್ನೋ? ಆ ಜಾಗಕ್ಕೆ ಕರೆಂಟು ಮತ್ತು ವೈಫೈ ಎರಡೂ ತಲುಪುತ್ತವೆಯೇ? ಏಪ್ರಿಲ್ ಮೇ ತಿಂಗಳಿನಲ್ಲಿ ಅಲ್ಲಿ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ? ಮತ್ತು ಎಲ್ಲರೂ ಮರೆಯುವ ನಾಲ್ಕನೆಯದು: ಬಂದ ಚಿತ್ರಗಳನ್ನು ಕುಳಿತು ನೋಡಲು ನಿಮಗೆ ಪುರುಸೊತ್ತು ಇದೆಯೇ?

ಬಿಸಿಲಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಡಬ್ಬಿಯ ಮೇಲೆ ಯಾರೂ ಅದನ್ನು ಬರೆಯುವುದಿಲ್ಲ. ಕ್ಯಾಮೆರಾ ಟ್ರ್ಯಾಪ್ ಎಂದು ಅರಣ್ಯ ಇಲಾಖೆಯವರು ಕರೆಯುವ, ಅಂಗಡಿಯಲ್ಲಿ ಟ್ರೇಲ್ ಕ್ಯಾಮೆರಾ ಎಂದು ಮಾರುವ ಪೆಟ್ಟಿಗೆಯೊಳಗೆ ಪಿಐಆರ್ ಎಂಬ ಸೆನ್ಸರ್ ಇರುತ್ತದೆ. ಅದು ಚಲನೆಯನ್ನು ಕಣ್ಣಿನಂತೆ ಕಾಣುವುದಿಲ್ಲ. ಹಿನ್ನೆಲೆಗಿಂತ ಬೆಚ್ಚಗಿನದೋ ತಣ್ಣಗಿನದೋ ಒಂದು ವಸ್ತು ಎದುರಿನಿಂದ ಹಾದಾಗ ಆಗುವ ಶಾಖದ ಏರುಪೇರನ್ನು ಗುರುತಿಸುತ್ತದೆ. ಚಳಿಗಾಲದ ರಾತ್ರಿ ತಣ್ಣಗಿನ ಗೋಡೆಯ ಮುಂದೆ ಬೆಚ್ಚಗಿನ ಬೆಕ್ಕು ಬಂದರೆ ಕೂಡಲೇ ಎಚ್ಚರಗೊಳ್ಳುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯಲ್ಲಿ ನೆಲ, ಗೋಡೆ, ಮುಂಗುಸಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಸಿ. ಮುಂಗುಸಿ ಎದುರಿಗೇ ಹಾದು ಹೋಗುತ್ತದೆ, ಕ್ಯಾಮೆರಾ ನಿದ್ದೆ ಮಾಡುತ್ತಿರುತ್ತದೆ. ಅದೇ ಹೊತ್ತಿಗೆ ಬಿಸಿಲಿಗೆ ಕಾದ ಎಲೆಯೊಂದು ಗಾಳಿಗೆ ಅಲುಗಿದರೆ ಟಪಟಪನೆ ಚಿತ್ರ ತೆಗೆಯುತ್ತದೆ. ನನ್ನ ಪಪ್ಪಾಯಿ ಎಲೆಯ ರಹಸ್ಯ ಇಷ್ಟೇ.

ಹೀಗಾಗಿ ವಿಜಯಪುರ, ಬಾಗಲಕೋಟೆಯವರು ಕ್ಯಾಮೆರಾವನ್ನು ದಿನವಿಡೀ ನೆರಳಿರುವಲ್ಲಿ ಕಟ್ಟಬೇಕು. ಬೇಸಿಗೆಯಲ್ಲಿ ಸೆನ್ಸರಿನ ಸೂಕ್ಷ್ಮತೆಯನ್ನು ಹೆಚ್ಚಿಸಿ ಚಳಿಗಾಲದಲ್ಲಿ ತಗ್ಗಿಸಬೇಕು. ಮುಖ ಉತ್ತರಕ್ಕಿರಲಿ. ಪೂರ್ವ ಪಶ್ಚಿಮಕ್ಕೆ ತಿರುಗಿಸಿದರೆ ನಿತ್ಯವೂ ಸೂರ್ಯೋದಯ ಸೂರ್ಯಾಸ್ತಗಳ ದರ್ಶನವಾಗುತ್ತದೆ, ಪ್ರಾಣಿಯದಲ್ಲ. ಬೆಳಗಾವಿಯವರ ಕಷ್ಟ ಬೇರೆ. ಅಲ್ಲಿ ಬಿಸಿಲಿಗಿಂತ ಜೂನ್‌ನಿಂದ ಹಿಡಿಯುವ ಮಳೆಯ ತೇವ ಒಳಹೊಕ್ಕು ಗಾಜು ಮಂಜಾಗುತ್ತದೆ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯದೆ ಕ್ಯಾಮೆರಾದ ಒಳಗಿಡಿ.

ಕ್ಯಾಮೆರಾಗಳು

ಖರ್ಚೇ ಇಲ್ಲದ್ದು ಹಳೆಯ ಮೊಬೈಲ್. ಕಿಟಕಿಯ ಒಳಗಡೆ ನಿಲ್ಲಿಸಿ, ಚಾರ್ಜರಿಗೆ ಸಿಕ್ಕಿಸಿ, ಮೊಬೈಲನ್ನೇ ಕಾವಲು ಕ್ಯಾಮೆರಾ ಮಾಡುವ ಉಚಿತ ಆ್ಯಪ್ ಹಾಕಿಕೊಂಡರೆ ಕಿಟಕಿಯ ಆಚೆಯ ಕಾಳಿನ ತಟ್ಟೆಗೆ ಬರುವ ಗುಬ್ಬಿಗಳು ಚೆನ್ನಾಗಿಯೇ ಕಾಣುತ್ತವೆ. ಕತ್ತಲಾದ ಮೇಲೆ ಏನೂ ಕಾಣದು. ಹೊರಗೆ ಬಿಸಿಲಿಗಂತೂ ಇಡಲೇಬೇಡಿ, ಬ್ಯಾಟರಿ ಉಬ್ಬುತ್ತದೆ. ಟಿಳಕವಾಡಿಯ ಗೆಳೆಯನಿಗೆ ನಾನು ಹೇಳಿದ್ದು ಇದನ್ನೇ. ಅವನಿಗೆ ಇಷ್ಟು ಅಗ್ಗದ ಸಲಹೆ ರುಚಿಸಲಿಲ್ಲ.

ಪ್ಲಗ್ ಮತ್ತು ವೈಫೈ ಇದ್ದವರಿಗೆ ಎರಡರಿಂದ ಮೂರೂವರೆ ಸಾವಿರ ರೂಪಾಯಿಯ ಹೊರಾಂಗಣ ಸಿಸಿಟಿವಿ ಕ್ಯಾಮೆರಾವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ವನ್ಯಜೀವಿ ಛಾಯಾಗ್ರಾಹಕರು ಮೂಗು ಮುರಿಯುತ್ತಾರೆ, ಮುರಿಯಲಿ. ಇದು ಶಾಖವನ್ನು ನೆಚ್ಚುವುದಿಲ್ಲ, ಚಿತ್ರದಲ್ಲಿ ಆಗುವ ಬದಲಾವಣೆಯನ್ನು ಹಿಡಿಯುತ್ತದೆ. ಮೇ ತಿಂಗಳ ಮಧ್ಯಾಹ್ನವೂ ಅದಕ್ಕೆ ಒಂದೇ. ಬ್ಯಾಟರಿಯ ಗೋಳಿಲ್ಲ, ಚಹಾ ಕುಡಿಯುತ್ತಾ ಮೊಬೈಲಿನಲ್ಲಿ ನೇರವಾಗಿ ನೋಡಬಹುದು, ದನಿಯೂ ಕೇಳುತ್ತದೆ. ಬುಡಬುಡಕೆಯವರು ಶಕುನ ಹೇಳುವ ಹಾಲಕ್ಕಿ ನಮ್ಮ ಬೇವಿನ ಮರದಲ್ಲಿ ಕುಳಿತು ಅರ್ಧ ಗಂಟೆ ಮಾತಾಡಿದ್ದು ದಾಖಲಾಗಿದೆ. ಏನು ಶಕುನವೋ ಇನ್ನೂ ತಿಳಿದಿಲ್ಲ. ದೋಷಗಳೂ ಇವೆ. ರಾತ್ರಿ ಅದರ ಸುತ್ತ ಹುಳುಗಳು ಮುತ್ತಿ, ಹುಳುಗಳಿಗಾಗಿ ಜೇಡ ಬಂದು ಗಾಜಿನ ಮುಂದೆಯೇ ಬಲೆ ನೇಯುತ್ತದೆ. ಬಲೆ ಅಲುಗಿದಾಗಲೆಲ್ಲ ಮೊಬೈಲ್ ಎಚ್ಚರಿಸುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಬೇಕು. ಕರೆಂಟು ಹೋದಾಗ ರೌಟರೂ ಕ್ಯಾಮೆರಾವೂ ಇನ್ವರ್ಟರಿನ ಮೇಲಿರದಿದ್ದರೆ, ಬರಬೇಕಾದ ಪ್ರಾಣಿ ಆ ಹೊತ್ತಿಗೇ ಬಂದು ಹೋಗಿರುತ್ತದೆ. ಪಕ್ಕದವರ ಅಂಗಳ, ಬಚ್ಚಲಮನೆಯ ಕಿಟಕಿ ಚೌಕಟ್ಟಿನೊಳಗೆ ಬೀಳದಂತೆ ಕ್ಯಾಮೆರಾವನ್ನು ತಗ್ಗಿಸಿ ಕಟ್ಟಿ. ಮುಂಗುಸಿಯ ನೆಪದಲ್ಲಿ ನೆರೆಹೊರೆ ಕಳೆದುಕೊಳ್ಳುವುದು ಬೇಡ.

ಪ್ಲಗ್ ಇಲ್ಲದ ಜಾಗ, ಮುಖ್ಯವಾಗಿ ರಾತ್ರಿಯ ಪ್ರಾಣಿ ಎಂದಾದರೆ ಕ್ಯಾಮೆರಾ ಟ್ರ್ಯಾಪ್‌ಗೆ ಬದಲಿಯಿಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಯ ಪಟ್ಟೆಗಳನ್ನು ಗುರುತಿಸಿ ಎಣಿಸಲು ಬಳಸಿದ್ದು ಇದರ ಹಿರಿಯಣ್ಣನನ್ನೇ. ಬೆಳಗಾವಿಯವರಿಗೆ ಕ್ಯಾಮೆರಾ ಟ್ರ್ಯಾಪ್ ಎಂಬ ಹೆಸರು ಬಾಯಿಪಾಠವಾದದ್ದು 2022ರ ಆಗಸ್ಟ್‌ನಲ್ಲಿ, ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಗಾಲ್ಫ್ ಮೈದಾನ ಸೇರಿ, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆಗಳನ್ನು ಕರೆಸಿ ಹುಡುಕಿದಾಗ.

ಸುಮಾರು ಆರರಿಂದ ಹತ್ತು ಸಾವಿರಕ್ಕೆ ಸಾಧಾರಣವಾದದ್ದು, ಹದಿನೈದರ ಮೇಲೆ ಒಳ್ಳೆಯದು ಸಿಗುತ್ತದೆ. ಬೆಲೆ ಹೆಚ್ಚಾದಂತೆ ನಿಮಗೆ ಸಿಗಬೇಕಾದದ್ದು ಮೆಗಾಪಿಕ್ಸೆಲ್ ಅಲ್ಲ. ಡಬ್ಬಿಯ ಮೇಲಿನ ಆ ದೊಡ್ಡ ಸಂಖ್ಯೆ ಬಹುಮಟ್ಟಿಗೆ ಸಾರಿಗೆ ನೀರು ಬೆರೆಸಿ ಪಾತ್ರೆ ತುಂಬಿಸಿದ ಲೆಕ್ಕ. ಒಳಗಿನ ಸೆನ್ಸರ್ ಚಿಕ್ಕದೇ, ಚಿತ್ರವನ್ನು ತಂತ್ರಾಂಶ ಹಿಗ್ಗಿಸಿರುತ್ತದೆ. ಕೇಳಬೇಕಾದದ್ದು, ಸೆನ್ಸರ್ ಎಚ್ಚರಗೊಂಡ ಮೇಲೆ ಚಿತ್ರ ತೆಗೆಯಲು ಎಷ್ಟು ಹೊತ್ತು ಎಂಬುದು. ಅರ್ಧ ಸೆಕೆಂಡಿನೊಳಗಿದ್ದರೆ ಓಡುವ ಮುಂಗುಸಿ ಇಡಿಯಾಗಿ ಸಿಗುತ್ತದೆ. ಒಂದು ಸೆಕೆಂಡಿನ ಮೇಲಾದರೆ ನನಗೆ ಸಿಕ್ಕಂತೆ ಬಾಲ ಸಿಗುತ್ತದೆ.

ಕತ್ತಲಲ್ಲಿ ಚಿತ್ರ ತೆಗೆಯಲು ಕ್ಯಾಮೆರಾ ಬೀರುವ ಇನ್‌ಫ್ರಾರೆಡ್ ಬೆಳಕಿನಲ್ಲಿಯೂ, ಅದರ ಅಲೆಯ ಉದ್ದಕ್ಕೆ ತಕ್ಕಂತೆ, ಎರಡು ಬಗೆ. 850 ನ್ಯಾನೊಮೀಟರ್‌ನದು ದೂರದವರೆಗೆ ಬೆಳಗುತ್ತದೆ, ಆದರೆ ಕ್ಯಾಮೆರಾದತ್ತ ನೋಡಿದರೆ ಮಂದವಾಗಿ ಕೆಂಪು ಕಾಣುತ್ತದೆ. 940ರದು ಕಣ್ಣಿಗೆ ಕಾಣುವುದಿಲ್ಲ, ಚಿತ್ರ ಮಾತ್ರ ತುಸು ಮಬ್ಬು, ದೂರವೂ ಕಡಿಮೆ. ಕಾಂಪೌಂಡ್ ಇರುವ ಹಿತ್ತಲಿಗೆ 850 ಸಾಕು. ಜನ ಓಡಾಡುವ ಹೊಲದ ಬದುವಿಗೆ 940 ತೆಗೆದುಕೊಳ್ಳಿ; ಅಲ್ಲಿ ಕೆಂಪು ಬೆಳಕನ್ನು ಕಂಡು ಹತ್ತಿರ ಬರುವವರಿಗೆ ಎರಡೇ ಕಾಲು.

ಖರೀದಿಯ ಬೆಲೆಗೆ ಇನ್ನೆರಡು ಸಾವಿರವನ್ನು ಸೇರಿಸಿಕೊಳ್ಳಿ. ಬಹುತೇಕ ಇಂಥ ಕ್ಯಾಮೆರಾಗಳಿಗೆ ಎಂಟು ಪೆನ್ಸಿಲ್ ಸೆಲ್ ಬೇಕು. ಬಳಸಿ ಎಸೆಯುವ ಸೆಲ್ಲುಗಳಿಂದ ಕೈ ಸುಟ್ಟುಕೊಳ್ಳುವ ಬದಲು ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್ಲುಗಳನ್ನು ಚಾರ್ಜರ್ ಸಮೇತ ಕೊಳ್ಳಿ. ಅವು ಒಂದೊಂದೂ 1.5ರ ಬದಲು 1.2 ವೋಲ್ಟ್ ಕೊಡುವುದರಿಂದ ಕೆಲವು ಕ್ಯಾಮೆರಾಗಳು ತುಂಬಿದ ಸೆಲ್ಲನ್ನೂ ಖಾಲಿ ಎಂದು ತೋರಿಸುತ್ತವೆ. ಕೊಳ್ಳುವ ಮುನ್ನ ಕೈಪಿಡಿಯಲ್ಲಿ ಇದನ್ನು ನೋಡಿ.

ಈ ಕ್ಯಾಮೆರಾ ಹಕ್ಕಿಗಳ ಮಟ್ಟಿಗೆ ಸೋಲುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಗುಬ್ಬಿಯಂಥ ಪುಟ್ಟ ಮೈಯ ಶಾಖ ನಾಲ್ಕು ಮೀಟರ್ ಆಚೆಯಿಂದ ಸೆನ್ಸರಿಗೆ ತಾಗುವುದೇ ಇಲ್ಲ. ಹತ್ತಿರ ತಂದರೆ ಒಂದೂವರೆ ಮೀಟರಿನೊಳಗೆ ಚಿತ್ರ ಮಸುಕು, ಏಕೆಂದರೆ ಇದರ ಫೋಕಸ್ ಬದಲಾಗುವಂಥದ್ದಲ್ಲ. ಎರಡರ ನಡುವಿನ ಕಿರಿದಾದ ಅಂತರದಲ್ಲಿ ಸರ್ಕಸ್ ಮಾಡಬೇಕು. ಹಕ್ಕಿಯೇ ನಿಮ್ಮ ಆಸೆಯಾದರೆ ಸಿಸಿಟಿವಿಗೇ ಮರಳಿ.

ಸಿಮ್ ಹಾಕುವ ಕ್ಯಾಮೆರಾಗಳಿಗೆ ಹದಿನೈದರಿಂದ ಇಪ್ಪತ್ತೈದು ಸಾವಿರ, ಮೇಲೆ ತಿಂಗಳ ಡೇಟಾ. ಚಿತ್ರ ತೆಗೆದ ಕೂಡಲೇ ಮೊಬೈಲಿಗೆ ಕಳುಹಿಸುತ್ತವೆ. ಮನೆಯ ಹಿತ್ತಲಿಗೆ ಇದು ದುಂದು. ಊರಿನಿಂದ ದೂರದ ತೋಟಕ್ಕೆ, ಅಥವಾ ಮುಧೋಳ ಜಮಖಂಡಿಯ ಕಡೆ ಕಬ್ಬಿನೊಳಗೆ ಹಂದಿ ನುಗ್ಗುತ್ತಿದೆಯೇ ಎಂದು ತಿಳಿಯಬೇಕಾದವರಿಗೆ ಸಾರ್ಥಕ. ಬೇರೆ ದೇಶದ ತರಂಗಗಳಿಗೆ ಮಾಡಿದ ಮಾದರಿಗಳೂ ಮಾರಾಟಕ್ಕಿವೆ. ನಿಮ್ಮ ಸಿಮ್ ಕಂಪನಿಯ 4ಜಿ ಅದರಲ್ಲಿ ಹಿಡಿಯುತ್ತದೆಯೇ ಎಂದು ಮಾರುವವರಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಕ್ಯಾಮೆರಾವೇ ಒಳಗಿರುವ ಕಾಳಿನ ಪೆಟ್ಟಿಗೆಗಳೂ ಬಂದಿವೆ. ಹಕ್ಕಿಯ ಮುಖ ಗೇಣು ದೂರದಿಂದ ಕಾಣುತ್ತದೆ, ಒಪ್ಪುತ್ತೇನೆ. ಬೆಲೆ ಹತ್ತು ಸಾವಿರ ದಾಟುತ್ತದೆ, ಹಕ್ಕಿಯ ಹೆಸರು ಹೇಳಲು ಚಂದಾ ಕೇಳುವ ಮಾದರಿಗಳೂ ಇವೆ. ಗೋಳಗುಮ್ಮಟದ ಊರಿನಲ್ಲಿ ಪಾರಿವಾಳಕ್ಕೆ ಬರವೇ? ದಿನಕ್ಕೆ ನೂರು ಸಲ ಅದೇ ಪಾರಿವಾಳದ ಮುಖ ನೋಡಲು ಇಷ್ಟು ಹಣ ಸುರಿಯುವುದು ನನಗಂತೂ ಆಗದು.

ಕಾಳು, ಹಣ್ಣು, ನೀರು

ಕ್ಯಾಮೆರಾದ ಬಗ್ಗೆ ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು: ಪ್ರಾಣಿಯನ್ನು ಹತ್ತು ಸೆಕೆಂಡು ಒಂದೆಡೆ ನಿಲ್ಲಿಸಬಲ್ಲವನಿಗೆ ವೇಗದ ದುಬಾರಿ ಕ್ಯಾಮೆರಾ ಬೇಕಿಲ್ಲ. ಬಾಲ ಸಿಕ್ಕ ಅದೇ ಕ್ಯಾಮೆರಾದಲ್ಲಿ ಆಮೇಲೆ ಪುನುಗು ಬೆಕ್ಕಿನ ಮುಖ, ಮೀಸೆ, ನಾಲಗೆ ಎಲ್ಲವೂ ಬಂದವು. ನಡುವೆ ನಾನು ಖರ್ಚು ಮಾಡಿದ್ದು ಒಂದು ಮಣ್ಣಿನ ಬೋಗುಣಿಗೆ.

ಮಳೆ ಹೇರಳವಾದ ನಾಡುಗಳಲ್ಲಿ ಕಾಳು ಮಾಡುವ ಕೆಲಸವನ್ನು ನಮ್ಮ ಬಯಲುಸೀಮೆಯಲ್ಲಿ ನೀರು ಮಾಡುತ್ತದೆ. ಫೆಬ್ರವರಿ ಕಳೆದ ಮೇಲೆ ಹಳ್ಳ ಬತ್ತಿ, ಗಟಾರವೊಂದೇ ತೇವವಾಗಿರುವಾಗ ನೆಲದ ಮೇಲೊಂದು ಅಗಲ ಬಾಯಿಯ ಬೋಗುಣಿ ಇಟ್ಟರೆ ಹಗಲು ಬೆಳವ, ಹರಟೆಮಲ್ಲ, ಕೆಂಬೂತ, ಅಳಿಲು, ಮುಂಗುಸಿ. ರಾತ್ರಿ ಪುನುಗು ಬೆಕ್ಕು. ಎಲ್ಲವೂ ಬಾಗಿ, ನಿಂತು, ಸಾವಕಾಶವಾಗಿ ಕುಡಿಯುತ್ತವೆ. ಆಳ ಎರಡು ಬೆರಳಿಗಿಂತ ಹೆಚ್ಚು ಬೇಡ. ನಡುವೆ ಒಂದು ಕಲ್ಲಿಡಿ, ಜೇನುಹುಳು ಮುಳುಗಿ ಸಾಯುವುದಿಲ್ಲ. ಬೆಕ್ಕು ಹೊಂಚು ಹಾಕುವ ಪೊದೆಯಿಂದ ಏಳೆಂಟು ಅಡಿ ದೂರವಿರಲಿ. ನೀರನ್ನು ದಿನವೂ ಚೆಲ್ಲಿ, ತಿಕ್ಕಿ, ಹೊಸದು ತುಂಬಬೇಕು. ವಾರ ಬಿಟ್ಟರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದಂತೆ. ನಿತ್ಯ ಇಷ್ಟು ಮಾಡಲಾಗದವರು ಬೋಗುಣಿ ಇಡುವುದೇ ಬೇಡ.

ಕಾಳಿನ ವಿಷಯದಲ್ಲಿ ನನ್ನ ಅನುಭವ ಅಷ್ಟು ಸಿಹಿಯಲ್ಲ. ನೆಲದ ಮೇಲೆ ಹಿಡಿ ಜೋಳ ಚೆಲ್ಲುತ್ತಾ ಹೋದೆ. ಮೊದಲು ಪಾರಿವಾಳ ಬಂದವು, ರಾತ್ರಿ ಇಲಿ ಬಂದವು, ಮೂರನೆಯ ವಾರ ಕ್ಯಾಮೆರಾದಲ್ಲಿ ಇಲಿಯ ಹಿಂದೆ ನಾಗರಹಾವು ಬಂತು. ನಮ್ಮ ಮನೆಯವರು ಅಂದು ಆಡಿದ ಮಾತು ದಾಖಲಾಗಿಲ್ಲ, ಒಳ್ಳೆಯದೇ ಆಯಿತು. ಅಲ್ಲಿಂದ ನೆಲಕ್ಕೆ ಕಾಳು ಹಾಕುವುದನ್ನು ಬಿಟ್ಟೆ. ತೂಗುಹಾಕುವ ತಟ್ಟೆಯಲ್ಲಿ, ಬೆಳಿಗ್ಗೆ ಹಾಕಿದ್ದು ಹತ್ತು ಗಂಟೆಗೆ ಮುಗಿಯುವಷ್ಟು ಮಾತ್ರ. ತಟ್ಟೆಯಲ್ಲಿ ಪಾರಿವಾಳದ ದಬ್ಬಾಳಿಕೆ ತಡೆಯಲಾಗದಿದ್ದರೆ ಸಣ್ಣ ಕಿಂಡಿಗಳ ಬಾಟಲಿ ಫೀಡರ್ ಉತ್ತಮ. ಅದರ ಪುಟ್ಟ ಕಡ್ಡಿಯ ಮೇಲೆ ಪಾರಿವಾಳಕ್ಕೆ ಕೂರಲಾಗದು, ಗುಬ್ಬಿ ಮತ್ತು ರಾಟವಾಳಕ್ಕೆ ಆಗುತ್ತದೆ. ನವಣೆ, ಸಜ್ಜೆ, ಜೋಳದ ನುಚ್ಚು ಸಾಕು. ಉಪ್ಪು ಹಾಕಿದ ಚೂಡಾ, ಬ್ರೆಡ್ಡು, ರಾತ್ರಿ ಉಳಿದ ಅನ್ನ ಬೇಡ. ಫೀಡರ್ ಯಾವುದೇ ಇರಲಿ, ವಾರಕ್ಕೊಮ್ಮೆ ತೊಳೆದು ಬಿಸಿಲಿಗೆ ಒಣಗಿಸದಿದ್ದರೆ ಒಂದು ಹಕ್ಕಿಯ ರೋಗ ಇಡೀ ಹಿಂಡಿಗೆ ಹಬ್ಬುತ್ತದೆ. ಎಲ್ಲಕ್ಕಿಂತ ಚೆಂದದ ಫೀಡರ್ ನಮ್ಮ ಅಜ್ಜಿ ಪಡಸಾಲೆಯ ತೊಲೆಗೆ ಕಟ್ಟುತ್ತಿದ್ದ ಜೋಳದ ತೆನೆಯ ಗೊಂಚಲು. ಸುಗ್ಗಿಯಲ್ಲಿ ಹಳ್ಳಿಯ ನೆಂಟರಲ್ಲಿ ಕೇಳಿದರೆ ಕಟ್ಟು ಕಟ್ಟಾಗಿಯೇ ಕೊಡುತ್ತಾರೆ.

ಹೂವಿನಾಕಾರದ ಕೆಂಪು ಸಕ್ಕರೆನೀರಿನ ಬಾಟಲಿಗಳನ್ನು ಕೊಳ್ಳಬೇಡಿ. ಅವನ್ನು ಮಾಡಿದ್ದು ಹಮ್ಮಿಂಗ್‌ಬರ್ಡ್‌ಗೆ. ಆ ಹಕ್ಕಿ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಬಿಸಿಲಿಗೆ ಆ ನೀರು ಬಲು ಬೇಗ ಹುಳಿಯಾಗುತ್ತದೆ. ನುಗ್ಗೆ ಹೂ ಬಿಟ್ಟಾಗ, ದಾಸವಾಳ ಅರಳಿದಾಗ ಸೂರಕ್ಕಿ ತಾನಾಗಿ ಬರುತ್ತದೆ.

ಹಣ್ಣು ಇಡುವುದು ಊರನ್ನು ನೋಡಿಕೊಂಡು. ಮಂಗಗಳ ಹಾವಳಿ ಇರುವಲ್ಲಿ ಎರಡು ದಿನ ಬಾಳೆಹಣ್ಣು ಇಟ್ಟರೆ ಮೂರನೆಯ ದಿನ ಅವು ಅಡುಗೆಮನೆಗೇ ಬರುತ್ತವೆ. ಮಾಂಸ, ಮೊಟ್ಟೆ, ಮೀನಿನ ತುಂಡು ಇಟ್ಟು ನರಿಯನ್ನೋ ಕಾಡುಬೆಕ್ಕನ್ನೋ ಕರೆಯುವುದು ಯಾವ ಊರಿನಲ್ಲಿಯೂ ಸಲ್ಲ: ಮೊದಲು ಬೀದಿನಾಯಿಗಳು ಬರುತ್ತವೆ, ಬೆಳಗಾವಿ ಖಾನಾಪುರದ ಅಂಚಿನಲ್ಲಿ ನಾಯಿಗಳ ಹಿಂದೆ ಚಿರತೆಯೂ ಬರಬಹುದು. ಹಾಗೊಮ್ಮೆ ಚಿರತೆ ಚಿತ್ರದಲ್ಲಿ ಕಂಡರೆ ವಾಟ್ಸ್ಆ್ಯಪಿಗೆ ಹಾಕುವ ಮೊದಲು ಅರಣ್ಯ ಇಲಾಖೆಯ 1926ಕ್ಕೆ ತಿಳಿಸಿ. ಮುಳ್ಳುಹಂದಿ, ಮೊಲ ಬರುವ ಜಾಗವನ್ನಂತೂ ಯಾರಿಗೂ ಹೇಳಬೇಡಿ, ಬೇಟೆಯ ಚಟದವರು ಎಲ್ಲ ಗುಂಪುಗಳಲ್ಲಿಯೂ ಇರುತ್ತಾರೆ. ಕ್ಯಾಮೆರಾ ನಿಮ್ಮ ಸ್ವಂತ ಜಾಗದಲ್ಲಿರಲಿ. ಯಡಹಳ್ಳಿ ಚಿಂಕಾರ ಧಾಮ, ಭೀಮಗಡದಂಥ ಕಾಡುಗಳಲ್ಲಿ ಇಲಾಖೆಯ ಅನುಮತಿ ಇಲ್ಲದೆ ಕಟ್ಟುವಂತಿಲ್ಲ.

ಯಾರಿಗೆ ಏನು

ಅತ್ತಿಗೆಯ ಹತ್ತಡಿ ಜಾಗಕ್ಕೆ ಮೂರು ಸಾವಿರದ ಸಿಸಿಟಿವಿ, ಒಂದು ಬೋಗುಣಿ, ಒಂದು ಬಾಟಲಿ ಫೀಡರ್ ಎಂದೆ. ಅವರ ಅಡುಗೆಮನೆಯ ಪ್ಲಗ್ ಕಿಟಕಿಯ ಪಕ್ಕದಲ್ಲಿಯೇ ಇದೆ. ಕಾಕಾನ ತೋಟಕ್ಕೆ ಸಿಮ್ ಕ್ಯಾಮೆರಾ ಎನ್ನಬೇಕಾಗಿತ್ತು, ಆದರೆ ಅವರು ದಿನವೂ ತೋಟಕ್ಕೆ ಹೋಗುವವರು. ಎಂಟು ಸಾವಿರದ 940ರ ಕ್ಯಾಮೆರಾ, ಎರಡು 32 ಜಿಬಿ ಕಾರ್ಡು, ಒಂದು ಕಬ್ಬಿಣದ ಪೆಟ್ಟಿಗೆ ಮತ್ತು ಬೀಗ ಸಾಕೆಂದೆ. ಒಂದು ಕಾರ್ಡು ಕ್ಯಾಮೆರಾದಲ್ಲಿ, ಇನ್ನೊಂದು ಜೇಬಿನಲ್ಲಿ. ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕೆ ಕಟ್ಟಿ, ಮುಂದಿನ ಹುಲ್ಲನ್ನೆಲ್ಲ ಸವರಿದ್ದಾರೆ. ಟಿಳಕವಾಡಿಯ ಗೆಳೆಯ ನನ್ನ ಮಾತನ್ನು ಬದಿಗಿಟ್ಟು ಹದಿನಾಲ್ಕು ಸಾವಿರದ ಕಾಳಿನ ಪೆಟ್ಟಿಗೆ ತರಿಸಿದ. ಪಾರಿವಾಳದ ಮುಖ ಬಹಳ ಸ್ಪಷ್ಟವಾಗಿ ಬರುತ್ತದೆಯಂತೆ.

ಇಷ್ಟಾದರೂ ಮನಸ್ಸು ಹೊಯ್ದಾಡುತ್ತಿದ್ದರೆ ಎರಡು ವಾರ ಏನನ್ನೂ ಕೊಳ್ಳಬೇಡಿ. ಬೋಗುಣಿಯ ಸುತ್ತ ಜರಡಿ ಹಿಡಿದ ಮಣ್ಣನ್ನೋ ಬೂದಿಯನ್ನೋ ಅರ್ಧ ಇಂಚು ದಪ್ಪಕ್ಕೆ ಹರವಿ, ಸಂಜೆ ಕೈಯಿಂದ ಸಮ ಮಾಡಿ, ಬೆಳಿಗ್ಗೆ ನೋಡಿ. ನಾಲ್ಕು ಬೆರಳು, ಉಗುರಿನ ಗುರುತು ಇಲ್ಲದಿದ್ದರೆ ಬೆಕ್ಕು. ನಾಲ್ಕು ಬೆರಳಿನ ಮುಂದೆ ಉಗುರು ಮೂಡಿದ್ದರೆ ನಾಯಿ ಅಥವಾ ನರಿ. ಐದು ಬೆರಳು ಕಂಡರೆ ಮುಂಗುಸಿಯೋ ಪುನುಗು ಬೆಕ್ಕೋ ಇರಬೇಕು, ಆಗ ಕ್ಯಾಮೆರಾಕ್ಕೆ ಹಣ ತೆಗೆಯಿರಿ. ಎರಡು ವಾರವೂ ಬರೀ ನಾಯಿಯ ಹೆಜ್ಜೆಗಳೇ ಆದರೆ, ಆ ಹಣದಲ್ಲಿ ಮೊದಲು ಗೇಟಿನ ಕೆಳಗಿನ ಸಂದನ್ನು ಮುಚ್ಚಿಸಿ. ಮುಂಗುಸಿ ತೂರುವಷ್ಟು ಮಾತ್ರ ಬಿಡಿ.